ಬಾಣಂತಿಗೆ ಹೇಳಬಾರದ ಸುದ್ದಿ

ಬಾಣಂತಿಯ ಕೋಣೆಗೆ ಕೆಟ್ಟ ಸುದ್ದಿ ಹೋಗಬಾರದು. ಬಾಣಂತನಕ್ಕೆ ಹೋದ ಮನೆಗಳಲ್ಲೆಲ್ಲ ಮೊದಲ ದಿನವೇ ನಾನು ಇದನ್ನು ಹೇಳಿಬಿಡುತ್ತಿದ್ದೆ. ಸಾವಿನ ಸುದ್ದಿ ಬೇಡ, ಜಗಳ ಬೇಡ, ಟಿ.ವಿ.ಯಲ್ಲಿ ಅಳುವ ಧಾರಾವಾಹಿಯೂ ಬೇಡ. ಸ್ಯಾನ್ ಡಿಯೇಗೊದ ಆ ಮನೆಯಲ್ಲೂ ಹೇಳಿದೆ. ಯಜಮಾನನಿಗೆ ಹೇಳಿದೆ. ಹತ್ತು ವರ್ಷದ ಹಿರಿಯ ಮಗಳನ್ನು ಅಡಿಗೆಮನೆಗೆ ಕರೆದು ಅವಳಿಗೂ ಹೇಳಿದೆ.

"ನೋಡು ಮಗಾ, ಅಮ್ಮನ ಹತ್ರ ಹೋಗಿ ಅಳ್ಬಾರ್ದು. ಅಮ್ಮನಿಗೆ ಬೇಜಾರಾದ್ರೆ ಹಾಲು ನಿಲ್ತದೆ. ಪಾಪು ಉಪವಾಸ ಬೀಳ್ತದೆ. ಗೊತ್ತಾಯ್ತಾ?"

"ಓಕೆ," ಎಂದಳು. ಕನ್ನಡ ಎಲ್ಲ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಕೊರೊನಾ ತಗ್ಗಿ ಶಾಲೆಗಳು ತೆರೆದಿದ್ದವು, ಆದರೆ ಊರಿನಲ್ಲಿದ್ದ ಅಜ್ಜಿಯರಿಗೆ ಇನ್ನೂ ವೀಸಾ ಸಿಗುತ್ತಿರಲಿಲ್ಲ. ಹಾಗಾಗಿ ನನಗೆ ಕರೆಯ ಮೇಲೆ ಕರೆ. ನಾನಿರುವುದು ವೆಸ್ಟ್ ಕೊವಿನಾದಲ್ಲಿ, ಮಗಳ ಮನೆಯಲ್ಲಿ. ಅವಳು ಓಶನ್‌ಸೈಡ್‌ವರೆಗೆ ಜೊತೆಗೆ ಬಂದು ಸ್ಯಾನ್ ಡಿಯೇಗೊ ಕಡೆಯ ಸಣ್ಣ ರೈಲಿಗೆ ಹತ್ತಿಸಿದಳು. ಸೊರೆಂಟೊ ವ್ಯಾಲಿ ಸ್ಟೇಷನ್ನಿನಲ್ಲಿ ಯಜಮಾನ ಕಾದಿದ್ದ. ಧಾರವಾಡದ ಕಡೆಯವನು, ಅಲ್ಲೇ ಚಿಪ್ ಮಾಡುವ ಕಂಪನಿಯಲ್ಲಿ ಇಂಜಿನಿಯರ್. ಒಳ್ಳೆಯ ಮನುಷ್ಯ, ಆದರೆ ಯಾರ ಜೊತೆಗೂ ಗಟ್ಟಿಯಾಗಿ ಮಾತಾಡುವವನಲ್ಲ.

ಆ ಮನೆಯಲ್ಲಿ ನನಗೆ ಹೆದರಿಕೆ ಇದ್ದದ್ದು ಬಾಣಂತಿಯ ಬಿ.ಪಿ.ಯದ್ದು. ಆಪರೇಶನ್ ಆಗಿ ಹೆರಿಗೆ. ಬಸುರಿಯಿದ್ದಾಗ ಏರಿದ ಬಿ.ಪಿ. ಹೆತ್ತ ಮೇಲೂ ಇಳಿದಿರಲಿಲ್ಲ. ತೋಳಿಗೆ ಪಟ್ಟಿ ಕಟ್ಟುವ ಮಿಷನ್ ಕೊಟ್ಟಿದ್ದರು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಬೇಕು. ಮೇಲಿನ ಅಂಕಿ ನೂರೈವತ್ತು ದಾಟಿದರೆ ಡಾಕ್ಟರಿಗೆ ಫೋನ್, ನೂರರವತ್ತು ದಾಟಿದರೆ ನೇರ ಆಸ್ಪತ್ರೆ. ನನಗೆ ಇಂಗ್ಲಿಷ್ ಅಕ್ಷರ ಬರುವುದಿಲ್ಲ, ಅಂಕಿ ಬರುತ್ತದೆ. ಅಷ್ಟು ಸಾಕಿತ್ತು. ಹೊಟ್ಟೆ ಕಟ್ಟುವಂತಿಲ್ಲ, ತಲೆಗೆ ಬಿಸಿನೀರು ಸುರಿಯುವಂತಿಲ್ಲ, ಕಾಲಿಗೆ ಮೆಲ್ಲಗೆ ಎಣ್ಣೆ ಹಚ್ಚುವುದು. ಉಪ್ಪು ಕಡಿಮೆ ಮಾಡಿ ಮೆಣಸು ಬೆಳ್ಳುಳ್ಳಿಯ ಸಾರು. ಅಂಕಿ ನೂರನಲವತ್ತರ ಹತ್ತಿರ ತೂಗಾಡುತ್ತಿತ್ತು. ನಾನು ಅದನ್ನೇ ಕಾಯುತ್ತಿದ್ದೆ, ಹುಡುಗಿಯನ್ನು ಯಾರೂ ಕಾಯುತ್ತಿರಲಿಲ್ಲ.

ಶಾಲೆಯಿಂದ ಬಂದವಳೇ ಚೀಲ ಎಸೆದು ಬಚ್ಚಲಿಗೆ ಓಡುತ್ತಿದ್ದಳು. ಮಕ್ಕಳಲ್ಲವೇ, ಓಡುತ್ತವೆ ಎಂದುಕೊಂಡೆ. ಆಮೇಲೆ ಹೊಟ್ಟೆನೋವು ಎಂದಳು. ಮೂತ್ರ ಮಾಡುವಾಗ ಉರಿ ಎಂದಳು. ಒಗೆಯುವ ಬುಟ್ಟಿಯ ತಳದಲ್ಲಿ ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿಟ್ಟದ್ದು ಸಿಕ್ಕಿತು. ನಾನು ಉಷ್ಣ ಎಂದೆ. ಮನೆಯಲ್ಲಿ ಮೂರು ಹೊತ್ತೂ ಬಾಣಂತಿಯ ಅಡಿಗೆ, ಹುಡುಗಿಯೂ ಅದನ್ನೇ ಉಣ್ಣುತ್ತಾಳೆ, ಉಷ್ಣವಾಗದೆ ಇನ್ನೇನು?

"ಹೌದ್ರಿ ಅಮ್ಮಾರ, ನಮ್ಮ ಕಡೀನೂ ಹಂಗ ಅಂತಾರ," ಎಂದ ಯಜಮಾನ. "ತಂಪಿಂದು ಏನರ ಮಾಡಿಕೊಡ್ರಿ."

ಮಾಡಿಕೊಟ್ಟೆ. ಬಾರ್ಲಿ ಬೇಯಿಸಿ, ಜೀರಿಗೆ ಕೊತ್ತಂಬರಿ ಹಾಕಿ ಸೋಸಿ, ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ದೊಡ್ಡ ಸ್ಟೀಲ್ ಲೋಟದ ತುಂಬ. ಚೀಲದಲ್ಲಿ ನೀರಿನ ಬಾಟ್ಲಿ, ಎಳನೀರಿನ ಡಬ್ಬಿ. ಸಂಜೆ ಬಾಟ್ಲಿ ಖಾಲಿಯಾಗಿ ಬರುತ್ತಿತ್ತು. ಮದ್ದು ತಾಗುತ್ತಿದೆ ಎಂದು ನನಗೆ ಸಮಾಧಾನ.

ಒಂದು ದಿನ ಮಗುವಿನ ಬಟ್ಟೆ ಒಣಹಾಕುತ್ತಿದ್ದಾಗ ಬೇಲಿಯ ಸಂದಿನಿಂದ ಕಂಡಿತು. ಹುಡುಗಿ ಗೇಟಿನ ಹತ್ತಿರ ನಿಂತು ಗಿಡದ ಬುಡಕ್ಕೆ ನೀರು ಸುರಿಯುತ್ತಿದ್ದಳು. ಬೆಳಿಗ್ಗೆ ತುಂಬಿಸಿಕೊಟ್ಟ ಬಾಟ್ಲಿಯಿಂದ ಒಂದು ಗುಟುಕೂ ಕುಡಿದಿರಲಿಲ್ಲ.

"ಎಂತದು ನಾಟಕ ನಿನ್ನದು? ನಾನು ಕಣ್ಣು ಕಾಣದವಳಾ?"

"ಐ ಡೋಂಟ್ ವಾಂಟ್ ಇಟ್, ಅಜ್ಜಿ."

"ಬೇಡ ಅಂದ್ರೆ ಯಾರು ಬಿಡ್ತಾರೆ? ನಾಳೆಯಿಂದ ನನ್ನ ಎದುರು ನಿಂತು ಕುಡಿ."

ಮರುದಿನದಿಂದ ಎದುರು ನಿಲ್ಲಿಸಿ ಎರಡು ಲೋಟ ಕುಡಿಸಿದೆ. ಅವಳು ಎದುರಾಡಲಿಲ್ಲ. ಕಣ್ಣು ಮುಚ್ಚಿ, ಒಂದೇ ಉಸಿರಿಗೆ ಕುಡಿದು ಹೋಗುತ್ತಿದ್ದಳು.

ಆ ವಾರವೇ ಒಂದು ಬೆಳಿಗ್ಗೆ ಏಳಲಿಲ್ಲ. ಹೊದಿಕೆಯೊಳಗೆ ನಡುಗುತ್ತಿದ್ದಳು, ಮೈ ಬೆಂಕಿ. ಕೈ ಸೊಂಟದ ಹಿಂದೆ ಒತ್ತಿ ಹಿಡಿದಿದ್ದಳು. ವಾಂತಿಯೂ ಆಯಿತು.

ಕೋಣೆಯಿಂದ ಬಾಣಂತಿ ಕೇಳಿದಳು, "ಏನ್ರಿ ಅದು ಸಪ್ಪಳ? ಯಾರಿಗೆ ಏನಾತು?"

"ಎಂತ ಇಲ್ಲ, ಶೀತಜ್ವರ. ನೀವು ಹೊರಗೆ ಬರ್ಬೇಡಿ, ಪಾಪುಗೆ ತಾಗ್ತದೆ," ಎಂದೆ. ಕೊರೊನಾದ ಹೆದರಿಕೆ ಇನ್ನೂ ಇದ್ದ ಕಾಲ. ಅವಳು ಬಾಗಿಲು ಮುಚ್ಚಿಕೊಂಡಳು.

ಬಾಣಂತಿಯ ಕೈಗೆಟಕುವಲ್ಲಿ ಊಟ, ಬಿಸಿನೀರು ಇಟ್ಟು, ಜ್ವರಕ್ಕೆ ಮದ್ದು ತರುತ್ತೇವೆ ಎಂದಷ್ಟೇ ಹೇಳಿ ನಾನೂ ಆಸ್ಪತ್ರೆಗೆ ಹೋದೆ. ಹುಡುಗಿ ನನ್ನ ಸೆರಗು ಬಿಟ್ಟಿರಲಿಲ್ಲ. ಕೈಗೆ ಸೂಜಿ ಚುಚ್ಚಿ ಡ್ರಿಪ್ ಹಾಕಿದರು. ಸೋಂಕು ಮೂತ್ರಚೀಲದಿಂದ ಮೇಲೆ ಹತ್ತಿ ಕಿಡ್ನಿಗೆ ಹೋಗಿದೆ ಎಂದು ಯಜಮಾನ ಹೇಳಿದ. ಅವನ ಮುಖ ಬಿಳುಚಿತ್ತು. ಇನ್ನೊಮ್ಮೆ ಹೀಗಾದರೆ ಕಿಡ್ನಿಯಲ್ಲಿ ಕಲೆ ಉಳಿಯಬಹುದು, ಅದು ಮಾಯುವುದಿಲ್ಲ ಎಂದರಂತೆ.

ಮಕ್ಕಳ ಡಾಕ್ಟರಮ್ಮ ಯಜಮಾನನನ್ನು ಹೊರಗೆ ಕೂರಿಸಿದಳು. ಮಗುವಿನ ಜೊತೆ ಒಬ್ಬಳೇ ಮಾತಾಡಬೇಕಂತೆ. ಮೂಲೆಯಲ್ಲಿದ್ದ ನನ್ನನ್ನು ಏಳಿ ಎನ್ನಲಿಲ್ಲ. ಕಾಗದದಲ್ಲಿ ಬಲೂನಿನಂಥ ಮೂತ್ರಚೀಲದ ಚಿತ್ರ ಬರೆದಳು. ಶಾಲೆಯಲ್ಲಿ ಎಷ್ಟು ಸಲ ಬಚ್ಚಲಿಗೆ ಹೋಗುತ್ತಿ ಎಂದು ಕೇಳಿದ್ದು ನನಗೂ ತಿಳಿಯಿತು.

"ನೆವರ್," ಎಂದಳು ಹುಡುಗಿ.

ಆ ಶಬ್ದ ನನಗೆ ಗೊತ್ತು. ಬೆಳಿಗ್ಗೆಯಿಂದ ಮಧ್ಯಾಹ್ನ ಶಾಲೆ ಬಿಡುವ ತನಕ ಒಮ್ಮೆಯೂ ಇಲ್ಲ. ನನ್ನ ಎರಡು ಲೋಟ ಬಾರ್ಲಿ ನೀರು ಹೊಟ್ಟೆಯಲ್ಲಿಟ್ಟುಕೊಂಡು ಇವಳು ಕ್ಲಾಸಿನ ಕುರ್ಚಿಯಲ್ಲಿ ಕೂತಿದ್ದಳು.

ಯಾಕೆ ಎಂದು ಡಾಕ್ಟರಮ್ಮ ಕೇಳಿದಳು. ಹುಡುಗಿ ನನ್ನ ಕಡೆ ತಿರುಗಿದಳು. ಮೊದಲ ಸಲ ನನ್ನ ಜೊತೆ ಕನ್ನಡ ಆಡಿದಳು. "ಅಮ್ಮಗ ಹೇಳಬಾರದು."

"ಹೇಳುದಿಲ್ಲ. ಇವರಿಗೆ ಹೇಳು."

ಹೇಳಿದಳು. ಅರ್ಧ ಮಾತಿನಿಂದ ತಿಳಿಯಿತು, ಉಳಿದದ್ದು ಅವಳು ಕೈಕಾಲಿನಲ್ಲಿ ತೋರಿಸಿದ್ದರಿಂದ. ಕ್ಲಾಸಿನ ಕೆಲವು ಹುಡುಗಿಯರು. ಇವಳು ಬಚ್ಚಲಿಗೆ ಹೋದರೆ ಹಿಂದೆಯೇ ಬರುತ್ತಾರೆ. ಬಾಗಿಲು ಒದೆಯುತ್ತಾರೆ, ದೀಪ ಆರಿಸುತ್ತಾರೆ, ಒದ್ದೆ ಕಾಗದದ ಉಂಡೆ ಮಾಡಿ ಮೇಲಿನಿಂದ ಎಸೆಯುತ್ತಾರೆ. ಇಲ್ಲಿ ಶಾಲೆಯ ಬಚ್ಚಲಿಗೆ ಗೋಡೆಯೂ ಪೂರ್ತಿ ಇಲ್ಲ, ಬಾಗಿಲೂ ಪೂರ್ತಿ ಇಲ್ಲ. ಒಂದರ ಚಿಲಕ ಮುರಿದಿದೆ. ಕೂತಲ್ಲಿಂದಲೇ ಕಾಲು ಚಾಚಿ ಬಾಗಿಲು ಒತ್ತಿ ಹಿಡಿಯಬೇಕು. ಹಾಸಿಗೆಯ ಮೇಲೆ ಕಾಲು ಚಾಚಿ ತೋರಿಸಿದಳು. ಶಾಲೆ ಶುರುವಾದಾಗಿನಿಂದ ಹೀಗೆ. ಆಗ ಅಮ್ಮ ತುಂಬಿದ ಬಸುರಿ, ಬಿ.ಪಿ. ಎಂದು ಮಲಗಿದ್ದಳು. ಆಮೇಲೆ ನಾನು ಬಂದೆ.

ಮನೆಯಲ್ಲಿ ಯಾಕೆ ಹೇಳಲಿಲ್ಲ ಎಂದದ್ದಕ್ಕೆ ಹುಡುಗಿ ಅಂದಳು, "ಅಜ್ಜಿ ಸೆಡ್ ದ ಬೇಬಿ ವಿಲ್ ಸ್ಟಾರ್ವ್." ಪಾಪು ಉಪವಾಸ ಬೀಳುತ್ತದೆಂದು ಅಜ್ಜಿ ಹೇಳಿದ್ದಾರೆ.

ಡಾಕ್ಟರಮ್ಮ ನನ್ನ ಮುಖ ನೋಡಿದಳು. ಅಜ್ಜಿ, ಬೇಬಿ ಎಂಬ ಎರಡು ಶಬ್ದದಿಂದಲೇ ನನಗೂ ತಿಳಿದಿತ್ತು. ಹುಡುಗಿಯ ಹೊದಿಕೆ ಎಳೆದು ಸರಿಮಾಡಿದೆ.

ಸಂಜೆ ಜ್ವರ ಇಳಿದು ಮನೆಗೆ ಕರೆತರುವಾಗ ಹುಡುಗಿ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಯಜಮಾನ ತಗ್ಗಿದ ದನಿಯಲ್ಲಿ ಹೇಳಿದ, "ಸೊಮಾಲಿಯಾ, ಮೆಕ್ಸಿಕೊ, ವಿಯೆಟ್ನಾಂ, ಎಲ್ಲಾ ಕಡೀ ಮಕ್ಕಳು ಆ ಡಾಕ್ಟರ್ ಹತ್ರ ಬರ್ತಾವಂತ್ರಿ. ಹೊಟ್ಟಿನೋವು, ತಲಿನೋವು, ನಿದ್ದಿ ಇಲ್ಲ. ಕೇಳಿದ್ರ ಸಾಲ್ಯಾಗ ಯಾರೋ ಕಾಡ್ತಿರ್ತಾರಂತ. ಬಾಯಿ ಹೇಳೂದಿಲ್ಲ, ಮೈ ಹೇಳ್ತದ ಅಂದ್ರು."

ನನಗೆ ಮಸ್ಕತ್‌ನಲ್ಲಿ ಬಾಣಂತನ ಮಾಡಿದ ಮನೆ ನೆನಪಾಯಿತು. ಅಲ್ಲಿಯ ಹಿರಿಯ ಹುಡುಗ ಶಾಲೆಯ ಬಸ್ಸಿನ ಹಾರ್ನ್ ಕೇಳಿದರೆ ವಾಂತಿ ಮಾಡುತ್ತಿದ್ದ. ಶುಕ್ರವಾರ ರಜೆ, ಅವತ್ತು ಮಾತ್ರ ವಾಂತಿ ಇಲ್ಲ. ನಾವೆಲ್ಲ ಪಿತ್ತ ಎಂದೆವು. ಉಡುಪಿಯ ಹತ್ತಿರದ ಇನ್ನೊಂದು ಮನೆಯಲ್ಲಿ ಹುಡುಗಿಗೆ ತಲೆನೋವು, ಕೂದಲು ಉದುರುವುದು. ದೃಷ್ಟಿ ಎಂದು ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದೆವು. ಆ ಮಕ್ಕಳಿಗೆ ನಿಜವಾಗಿ ಏನಾಗಿತ್ತೋ ನನಗೆ ಗೊತ್ತಿಲ್ಲ. ಯಾರೂ ಕೇಳಿರಲಿಲ್ಲ.

ಮನೆ ಹತ್ತಿರ ಬಂದಾಗ ಯಜಮಾನ ಕಾರು ನಿಲ್ಲಿಸಿದ, ಇಳಿಯಲಿಲ್ಲ. "ಆಕಿಗೆ ಹೇಳಬ್ಯಾಡ್ರಿ. ಹೊಲಿಗಿ ಇನ್ನ ಹಸಿ ಅದ. ಬಿ.ಪಿ. ಏರಿದ್ರ ಏನ್ ಮಾಡೂದು? ನಾ ಸಾಲಿಗೆ ಇಮೇಲ್ ಬರೀತೀನಿ."

"ಸರಿ," ಎಂದೆ. ನನ್ನದೇ ಕಟ್ಟಳೆ ಅದು.

ಇಮೇಲಿಗೆ ಉತ್ತರ ಬಂತು. ವಿಚಾರಿಸುತ್ತೇವೆ, ಅಲ್ಲಿಯವರೆಗೆ ಅವಳು ನರ್ಸ್ ಕೋಣೆಯ ಬಚ್ಚಲು ಬಳಸಬಹುದು ಎಂದು. ಯಜಮಾನನಿಗೆ ಅಷ್ಟಕ್ಕೇ ಹೋದ ಜೀವ ಬಂದಂತಾಯಿತು. ಹುಡುಗಿ ಮಾತ್ರೆ ನುಂಗಿಕೊಂಡು ಶಾಲೆಗೆ ಹೋದಳು. ನರ್ಸ್ ಕೋಣೆಗೆ ಹೋಗಬೇಕಾದರೆ ಕ್ಲಾಸಿನಲ್ಲಿ ಕೈ ಎತ್ತಿ, ಎಲ್ಲರ ಎದುರು ಒಂದು ಕಾರ್ಡು ಇಸಿದುಕೊಳ್ಳಬೇಕು. ಎರಡು ದಿನ ಇಸಿದುಕೊಂಡಳು. ಮೂರನೇ ದಿನ ಅವಳ ಡೆಸ್ಕಿನ ಮೇಲೆ ಯಾರೋ ಮಗುವಿಗೆ ಕಟ್ಟುವ ಡೈಪರ್ ಇಟ್ಟಿದ್ದರು. ಆಮೇಲೆ ಕೈ ಎತ್ತಲಿಲ್ಲ. ಇದೆಲ್ಲ ನನಗೆ ಗೊತ್ತಾದದ್ದು ಬುಟ್ಟಿಯ ತಳದಲ್ಲಿ ಮತ್ತೆ ಗಂಟು ಸಿಕ್ಕಿದ ಮೇಲೆ, ಅವಳನ್ನು ಕೂರಿಸಿ ಕೇಳಿದಾಗ. ಹಣೆ ಮುಟ್ಟಿದೆ. ಸ್ವಲ್ಪ ಬಿಸಿ.

ಯಜಮಾನನಿಗೆ ಫೋನ್ ಮಾಡಿದೆ. "ಇನ್ನೊಂದ್ ಇಮೇಲ್ ಹಾಕ್ತೀನ್ರಿ," ಎಂದ.

"ನಿಮ್ಮ ಇಮೇಲ್ ಅವಳ ಕಿಡ್ನಿಗೆ ಗೊತ್ತಾಗ್ತದಾ ಮಾರಾಯ್ರೇ?"

ಹೊರಗಿನವರು ನಾವು, ಗಲಾಟೆ ಮಾಡಿದರೆ ಹುಡುಗಿಗೇ ತೊಂದರೆ ಎಂದು ಏನೋ ಹೇಳಿದ. ಮೀಟಿಂಗ್ ಇದೆ ಎಂದು ಇಟ್ಟುಬಿಟ್ಟ.

ಫೋನ್ ಹಿಡಿದುಕೊಂಡು ಅಡಿಗೆಮನೆಯಲ್ಲಿ ನಿಂತೆ. ಒಂದು ಕೋಣೆಯಲ್ಲಿ ಹುಡುಗಿ, ಒಂದು ಕೋಣೆಯಲ್ಲಿ ಬಾಣಂತಿ. ಹೇಳಿದರೆ ಇವಳ ಬಿ.ಪಿ., ಹೇಳದಿದ್ದರೆ ಅವಳ ಕಿಡ್ನಿ. ಬಿ.ಪಿ. ಏರಿ ಬಾಣಂತಿಗೆ ಫಿಟ್ಸ್ ಬಂದದ್ದನ್ನು ನಾನು ಕಣ್ಣಾರೆ ನೋಡಿದವಳು. ಆದರೆ ಬಿ.ಪಿ.ಗೆ ಮಿಷನ್ ಇದೆ, ಮಾತ್ರೆ ಇದೆ, ದಿನಕ್ಕೆ ಎರಡು ಸಲ ನೋಡುವ ನಾನಿದ್ದೇನೆ. ಹುಡುಗಿಗೆ ಏನಿದೆ? ಆ ಮನೆಯಲ್ಲಿ ಶಾಲೆಯವರ ಎದುರು ಕೂತು ಬಾಯಿಬಿಟ್ಟು ಮಾತಾಡುವವಳು ತಾಯಿ ಒಬ್ಬಳೇ, ಅವಳನ್ನು ನಾವು ಸ್ವೆಟರ್ ಸುತ್ತಿ ಒಳಗೆ ಮಲಗಿಸಿದ್ದೇವೆ.

ಹೇಳುವುದೆಂದು ಗಟ್ಟಿ ಮಾಡಿದೆ. ಕೆಲಸ ಮಾಡುವ ಹಾಗೆಯೇ ಒಂದೊಂದಾಗಿ ಮಾಡಿದೆ. ಮೊದಲು ತಾಯಿಯಿಂದ ಪಾಪುವಿಗೆ ಎರಡೂ ಕಡೆ ಹಾಲು ಕೊಡಿಸಿದೆ, ತೇಗು ಬರಿಸಿ ಮಲಗಿಸಿದೆ. ಬಾಣಂತಿಗೆ ಊಟ, ಬಿ.ಪಿ. ಮಾತ್ರೆ. ದಿಂಬು ಒರಗಿಸಿ ಕೂರಿಸಿದೆ. ತೋಳಿಗೆ ಪಟ್ಟಿ ಕಟ್ಟಿ ನೋಡಿದೆ: ನೂರಮೂವತ್ತೆಂಟು. ಪಟ್ಟಿ ಬಿಚ್ಚಲಿಲ್ಲ.

"ಈಗೊಂದು ವಿಷಯ ಹೇಳ್ತೇನೆ. ನಡುವೆ ಏಳ್ಬಾರ್ದು. ಉಸಿರು ಬಿಗಿಹಿಡಿಬಾರ್ದು."

"ಏನ್ರಿ? ಅವರಿಗೆ ಏನರ ಆತೇನು?"

"ಅವರಿಗೆಂತ ಆಗ್ಲಿಲ್ಲ. ನಿಮ್ಮ ಮಗಳಿಗೆ."

ಎಲ್ಲ ಹೇಳಿದೆ. ಬಾರ್ಲಿ ನೀರನ್ನೂ ಹೇಳಿದೆ, ಪಾಪು ಉಪವಾಸ ಬೀಳುತ್ತದೆ ಎಂದದ್ದನ್ನೂ ಹೇಳಿದೆ. ಅವಳು ಅಳುತ್ತಾಳೆಂದು ಟವೆಲ್ ಹಿಡಿದುಕೊಂಡಿದ್ದೆ. ಅಳಲಿಲ್ಲ. ಕಣ್ಣು ಕೆಂಪಾಯಿತು, ಅಷ್ಟೇ.

"ಆಸ್ಪತ್ರಿಗೆ ಹಾಕಿ ನನಗ ಶೀತಜ್ವರ ಅಂದ್ರಿ? ಇದೇ ಮನ್ಯಾಗ ನಿಂತು?"

"ಹೌದು."

"ನಾಚಿಕಿ ಆಗಲಿಲ್ಲೇನ್ರಿ ನಿಮಗ?"

ಮಿಷನ್ನಿನ ಗುಂಡಿ ಒತ್ತಿದೆ. ನೂರೈವತ್ತೊಂದು. ಡಾಕ್ಟರಿಗೆ ಫೋನ್ ಮಾಡಿ ಎಂದೆ. ಅವಳು ಮೊದಲು ಮಗಳನ್ನು ಕರೆದಳು. ಹುಡುಗಿ ಬಾಗಿಲಲ್ಲೇ ನಿಂತಳು. ಮೊದಲು ನೋಡಿದ್ದು ತೊಟ್ಟಿಲಿನ ಕಡೆ.

"ಪಾಪು ಹೊಟ್ಟಿ ತುಂಬಿ ಮಲಗ್ಯಾನ. ನೀ ಬಾ ಇಲ್ಲೆ," ಎಂದಳು ತಾಯಿ.

ಅವರಿಬ್ಬರ ಮಾತು ಇಂಗ್ಲಿಷಿನಲ್ಲಿ ನಡೆಯಿತು. ನಾನು ಹೊರಗೆ ಬಂದು ಪಾತ್ರೆ ತೊಳೆದೆ. ಆಮೇಲೆ ಅವಳು ಎರಡೂ ಡಾಕ್ಟರರಿಗೆ ಫೋನ್ ಮಾಡಿದಳು. ಅವಳ ಡಾಕ್ಟರ್ ಮಾತ್ರೆಯ ಅಳತೆ ಏರಿಸಿ, ಒಂದು ತಾಸಿಗೊಮ್ಮೆ ಅಂಕಿ ನೋಡಲು ಹೇಳಿದರು. ಹುಡುಗಿಯನ್ನು ಸಂಜೆಯೇ ಯಜಮಾನ ಕರೆದೊಯ್ದು ಮೂತ್ರ ಪರೀಕ್ಷೆ ಮಾಡಿಸಿದ. ಸೋಂಕು ಮತ್ತೆ ಶುರುವಾಗಿತ್ತು, ಮೇಲೆ ಹತ್ತಿರಲಿಲ್ಲ. ಬೇರೆ ಮಾತ್ರೆ ಕೊಟ್ಟರು.

ಬೆಳಿಗ್ಗೆ ಅಂಕಿ ನೂರನಲವತ್ತೆರಡು. ಬಾಣಂತಿ ಕಿವಿಗೆ ಮಫ್ಲರ್ ಕಟ್ಟಿ, ಉಣ್ಣೆಯ ಕಾಲುಚೀಲ ಹಾಕಿ ಬಾಗಿಲಲ್ಲಿ ನಿಂತಳು. ಯಜಮಾನ ಬೇಡ ಎನ್ನಲು ಬಾಯಿ ತೆರೆದ.

"ಗಾಡಿ ತಗೀರಿ," ಎಂದಳು. "ಇಲ್ಲಂದ್ರ ನಡಕೋತ ಹೋಗ್ತೀನಿ."

ಅಷ್ಟು ಬೇಗ ಬಾಣಂತಿಯನ್ನು ಗಾಳಿಗೆ ಬಿಟ್ಟದ್ದು ನನ್ನ ಕೆಲಸದಲ್ಲಿ ಅದೇ ಮೊದಲು. ಪಾಪುವನ್ನು ಎತ್ತಿಕೊಂಡು, ಮಿಷನ್ ಚೀಲಕ್ಕೆ ಹಾಕಿಕೊಂಡು ಹಿಂದೆ ಹೋದೆ.

ಪ್ರಿನ್ಸಿಪಾಲ್ ಹೆಂಗಸು. ನಗುನಗುತ್ತಾ ಕೂರಿಸಿದರು. ಬಾಣಂತಿ ಕುರ್ಚಿಯ ತುದಿಯಲ್ಲಿ ಕೂತು, ಒಂದು ಕೈಯಲ್ಲಿ ಹೊಲಿಗೆಯ ಮೇಲೆ ಒತ್ತಿ ಹಿಡಿದು ಮಾತಾಡಿದಳು. ದನಿ ಏರಿಸಲಿಲ್ಲ. ಆಸ್ಪತ್ರೆಯ ಕಾಗದ ಮೇಜಿನ ಮೇಲಿಟ್ಟಳು. ಪ್ರಿನ್ಸಿಪಾಲರ ನಗು ಹೋಯಿತು. ಆದರೂ ಅದೇ ನರ್ಸ್ ಕೋಣೆಯ ಮಾತು. ಬಚ್ಚಲ ಹತ್ತಿರ ನಿಲ್ಲಿಸಲು ಜನ ಸಾಲದು ಎಂಬ ಮಾತು, ಅದು ನನಗೆ ಆಮೇಲೆ ತಿಳಿದದ್ದು. ಯಜಮಾನ ಒಪ್ಪಿ ತಲೆ ಆಡಿಸತೊಡಗಿದ. ಬಾಣಂತಿ ಎದ್ದಳು.

"ತೋರಸ್ರಿ ಅಂದೆ ಇವರಿಗೆ, ಆ ಬಚ್ಚಲಾ," ಎಂದು ನನಗೆ ಹೇಳಿ ಹೊರಟೇಬಿಟ್ಟಳು.

ಉದ್ದದ ಕಾರಿಡಾರು. ಗೋಡೆ ಹಿಡಿದು, ನಿಂತು ನಿಂತು ನಡೆದಳು. ಪ್ರಿನ್ಸಿಪಾಲರಿಗೆ ಅವಳ ನಿಧಾನಕ್ಕೆ ಸರಿಯಾಗಿ ನಡೆಯದೆ ಬೇರೆ ದಾರಿ ಇರಲಿಲ್ಲ. ಒಳಗೆ ಮೂರು ಬಾಗಿಲು. ಒಂದಕ್ಕೆ ಕೆಟ್ಟಿದೆ ಎಂದು ಚೀಟಿ ಅಂಟಿಸಿತ್ತು. ಒಂದರ ಚಿಲಕ ಮುರಿದು ನೇತಾಡುತ್ತಿತ್ತು. ದೀಪದ ಗುಂಡಿ ಹೊರಗಡೆ, ಮಕ್ಕಳ ಕೈಗೆ ಸಿಗುವಲ್ಲಿ. ಚಾವಣಿಗೆ ಕಾಗದದ ಉಂಡೆಗಳು ಒಣಗಿ ಅಂಟಿಕೊಂಡಿದ್ದವು, ಹಕ್ಕಿ ಹಿಕ್ಕೆಯ ಹಾಗೆ. ಪ್ರಿನ್ಸಿಪಾಲ್ ಮೇಲೆ ನೋಡಿದರು. ತುಂಬ ಹೊತ್ತು ನೋಡಿದರು. ಅಷ್ಟರಲ್ಲಿ ಪಾಪು ಅಳತೊಡಗಿತು. ಬಾಣಂತಿ ಅಲ್ಲೇ, ಕೈ ತೊಳೆಯುವ ತೊಟ್ಟಿಗೆ ಒರಗಿ, ಶಾಲು ಹೊದ್ದು ಹಾಲಿಗೆ ಹಾಕಿಕೊಂಡಳು. ಹಾಲು ಕುಡಿಸುತ್ತಲೇ ಮಾತು ಮುಂದುವರಿಸಿದಳು.

ಚಿಲಕ ಅಂದೇ ಸರಿಯಾಯಿತು. ದೀಪದ ಗುಂಡಿಗೆ ಮುಚ್ಚಳ ಬಂತು. ಆಟದ ಬಿಡುವಿನಲ್ಲಿ ಬಾಗಿಲ ಹೊರಗೆ ಒಬ್ಬ ಟೀಚರ್ ನಿಲ್ಲತೊಡಗಿದರು. ಕಾಡಿದ ಹುಡುಗಿಯರ ತಂದೆತಾಯಿಯರನ್ನು ಕರೆಸಿದರು. ಒಬ್ಬಳು ಬಂದು ಸಾರಿ ಎಂದಳು, ಉಳಿದವರು ಅನ್ನಲಿಲ್ಲ. ಇನ್ನೂ ದೂರದಿಂದ ಮೂಗು ಮುಚ್ಚಿ ತೋರಿಸುತ್ತಾರೆ ಎಂದು ಹುಡುಗಿ ಹೇಳುತ್ತಿದ್ದಳು. ಅದನ್ನೂ ಈಗ ತಾಯಿಗೆ ಹೇಳುತ್ತಿದ್ದಳು.

ಬಾಣಂತಿಯ ಹಾಲು ಒಂದೆರಡು ದಿನ ಕಡಿಮೆಯಾದದ್ದು ನಿಜ. ಡಬ್ಬಿಯ ಹಾಲು ಹಾಕಿದೆವು. ಪಾಪು ಕುಡಿದು ನಿದ್ದೆ ಮಾಡಿತು. ಬಿ.ಪಿ. ನಿಧಾನಕ್ಕೆ ಇಳಿಯಿತು. ನನ್ನ ಜೊತೆ ಅವಳು ಬೇಕಾದಷ್ಟೇ ಮಾತಾಡುತ್ತಿದ್ದಳು. ಅದು ಅವಳ ಹಕ್ಕು.

ಶಾಲೆಯ ಚಿಲಕ ಸರಿಯಾದದ್ದು ಹುಡುಗಿಯ ಮೈಗೆ ಗೊತ್ತಾಗಲಿಲ್ಲ. ಮನೆಯಲ್ಲೂ ಅವಳಿಗೆ ಮೂತ್ರ ಬಿಡಲು ಆಗುತ್ತಿರಲಿಲ್ಲ. ಹಿಡಿದೂ ಹಿಡಿದೂ ಮೈ ಬಿಡುವುದನ್ನು ಮರೆತಿದೆ, ಮತ್ತೆ ಕಲಿಸಬೇಕು ಎಂದಳು ಡಾಕ್ಟರಮ್ಮ. ಎರಡು ತಾಸಿಗೊಮ್ಮೆ ಕೂರಿಸುವುದು. ಪಾದದ ಕೆಳಗೆ ಮಣೆ. ಅವಸರ ಮಾಡಬಾರದು. ಅವಳು ನನ್ನನ್ನು ಬಾಗಿಲಿಗೆ ಕಾವಲು ನಿಲ್ಲಿಸುತ್ತಿದ್ದಳು. ಹೊರಗಿನಿಂದ ಬಾಗಿಲ ಹಿಡಿ ಹಿಡಿದುಕೊಂಡು ನಿಲ್ಲಬೇಕು. ಚಿಲಕ ಇದೆಯಲ್ಲ ಎಂದರೆ ಕೇಳುತ್ತಿರಲಿಲ್ಲ. ಎಷ್ಟೋ ಸಲ ಅಷ್ಟು ಹೊತ್ತು ಕೂತು, ಆಗದೆ, ಅತ್ತು ಎದ್ದು ಬಂದಳು.

ಈ ನಡುವೆ ವುಡ್‌ಲ್ಯಾಂಡ್ ಹಿಲ್ಸ್‌ನಿಂದ ಫೋನ್ ಬಂತು. ನಾನು ಮುಂದೆ ಹೋಗಬೇಕಾಗಿದ್ದ ಮನೆ. ದಿನ ತುಂಬುವ ಮೊದಲೇ ಹೆರಿಗೆಯಾಗಿದೆ, ನಾಳೆಯೇ ಬನ್ನಿ ಎಂದರು.

"ಬರ್ಲಿಕ್ಕಾಗುದಿಲ್ಲ. ಇಲ್ಲಿ ಕೆಲಸ ಮುಗಿಲಿಲ್ಲ."

"ಅಲ್ಲಿ ಬಾಣಂತಿ ಎದ್ದು ಓಡಾಡ್ತಿದಾರಂತೆ ಆಂಟಿ, ಮತ್ತೇನು ಕೆಲಸ?"

"ಬಾಣಂತಿದ್ದಲ್ಲ."

ಅವರು ಬೇರೆಯವರನ್ನು ಇಟ್ಟುಕೊಂಡರು. ಹೋಗಲಿ ಎಂದು ಬಿಟ್ಟೆ.

ಕೆಲವು ವಾರ ಕಳೆದ ಮೇಲಿನ ಒಂದು ಮಧ್ಯಾಹ್ನ. ಹುಡುಗಿ ಶಾಲೆಯಿಂದ ಬಂದಳು. ಓಡಲಿಲ್ಲ, ಚೀಲ ಇಟ್ಟು, ಶೂಸ್ ಬಿಚ್ಚಿ, ಬಚ್ಚಲಿಗೆ ಹೋದಳು. ನಾನು ಎಂದಿನ ಹಾಗೆ ಹಿಡಿ ಹಿಡಿದು ನಿಂತೆ. ಒಳಗೆ ಸದ್ದಿಲ್ಲ.

"ಅಜ್ಜಿ? ಆರ್ ಯು ದೇರ್?"

"ಇದ್ದೇನೆ."

ಆಮೇಲೆ ಅಂದಳು, "ಹೋಗು ನೀನು. ಜಸ್ಟ್ ಗೋ."

ಹಿಡಿಯಿಂದ ಕೈ ತೆಗೆಯಲು ನನಗೇ ಧೈರ್ಯ ಬರಲಿಲ್ಲ. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿತು. ಕೈ ಬಿಟ್ಟೆ. ನಾನು ಹೋದೆನೆಂದು ಅವಳಿಗೆ ಕೇಳಬೇಕಲ್ಲ, ಚಪ್ಪಲಿಯನ್ನು ನೆಲಕ್ಕೆ ಉಜ್ಜುತ್ತಾ, ಗಟ್ಟಿಯಾಗಿ ಸದ್ದು ಮಾಡಿಕೊಂಡು ಅಡಿಗೆಮನೆಯವರೆಗೂ ನಡೆದೆ.